87, 88, 93: ನಿಮ್ಮ ಕಾರಿಗೆ ಯಾವ ಗ್ಯಾಸ್ ಹಾಕಬೇಕು?

ಅಮೆರಿಕಕ್ಕೆ ಬಂದು ಮೊದಲ ಕಾರು ಕೊಂಡವರು ನಮ್ಮ ಕೂಟದಲ್ಲಿ ಪದೇ ಪದೇ ಕೇಳುವ ಪ್ರಶ್ನೆ ಇದು. ಊರಿನ ಬಂಕ್‌ನಲ್ಲಿ ಹುಡುಗ ಬಂದು ಪೆಟ್ರೋಲ್ ಹಾಕುತ್ತಿದ್ದ. ಇಲ್ಲಿ ಪೆಟ್ರೋಲ್‌ಗೆ ಗ್ಯಾಸ್ ಅನ್ನುತ್ತಾರೆ, ನ್ಯೂಜೆರ್ಸಿ ಬಿಟ್ಟರೆ ಹೆಚ್ಚುಕಡಿಮೆ ಎಲ್ಲ ಕಡೆ ನಾವೇ ಇಳಿದು ಹಾಕಿಕೊಳ್ಳಬೇಕು. ಪಂಪ್ ಮುಂದೆ ನಿಂತರೆ ನಾಲ್ಕೈದು ಗುಂಡಿ, ನಾಲ್ಕೈದು ರೇಟು. ಹಿಂದೆ ಇನ್ನೊಂದು ಕಾರು ಕಾಯುತ್ತಿರುತ್ತದೆ. ಆ ಗಡಿಬಿಡಿಯಲ್ಲಿ ಕೆಲವರು ಎಲ್ಲಕ್ಕಿಂತ ಅಗ್ಗದ್ದನ್ನು ಒತ್ತುತ್ತಾರೆ. ಇನ್ನು ಕೆಲವರು ಜಾಸ್ತಿ ದುಡ್ಡಿನದೇ ಒಳ್ಳೆಯದಿರಬೇಕು ಎಂದು ಪ್ರೀಮಿಯಂ ಒತ್ತುತ್ತಾರೆ. ಎರಡೂ ಬೇಡ.

ಪಂಪ್ ಮೇಲೆ ಎರಡು ಥರದ ಅಂಕಿ ಇರುತ್ತವೆ. 87, 89, 93 ಇವು ಆಕ್ಟೇನ್. ಇ10, ಇ15, ಇ85 ಇವು ಎಥೆನಾಲ್ ಎಂಬ ಆಲ್ಕೋಹಾಲ್ ಎಷ್ಟು ಬೆರೆತಿದೆ ಅನ್ನುವುದು. ಎರಡನ್ನೂ ಬೇರೆ ಬೇರೆ ಇಟ್ಟು ನೋಡಿದರೆ ಅರ್ಧ ಗೊಂದಲ ಹೋಗುತ್ತದೆ.

ಆಕ್ಟೇನ್ ಅಂದರೆ ಇಂಜಿನ್ ಒಳಗೆ ಗ್ಯಾಸ್ ಹೊತ್ತಿಗೆ ಮುಂಚೆ ಹೊತ್ತಿಕೊಳ್ಳದೆ ತಡೆಯುವ ಗುಣ, ಅಷ್ಟೇ. ಅದು ಜಾಸ್ತಿ ಇದ್ದರೆ ಗ್ಯಾಸ್ ಹೆಚ್ಚು ಶುದ್ಧ ಅಂತಲ್ಲ. ಊರಲ್ಲಿ 91 ಅಂತ ಕೇಳಿ ಬಂದವರಿಗೆ 87 ಕಡಿಮೆ ದರ್ಜೆಯದು ಅನಿಸಬಹುದು. ಹಾಗಲ್ಲ, ಅಳೆಯುವ ರೀತಿ ಬೇರೆ. ಇಲ್ಲಿನ 87 ಸುಮಾರು ಅಲ್ಲಿನ 91ಕ್ಕೆ ಸಮ. ನಮ್ಮಲ್ಲಿ ಹೆಚ್ಚಿನವರು ಕೊಳ್ಳುವ ಸಾಮಾನ್ಯ ಫ್ಯಾಮಿಲಿ ಕಾರುಗಳಿಗೆ 87 ರೆಗ್ಯುಲರ್ ಸಾಕು. ಕೆಲವು ಟರ್ಬೊ ಮತ್ತು ಲಕ್ಷುರಿ ಕಾರುಗಳಿಗೆ ಮಾತ್ರ 91 ಅಥವಾ ಮೇಲಿನದು ಬೇಕು. ಮ್ಯಾನ್ಯುಯಲ್‌ನಲ್ಲಿ ‘ರಿಕ್ವೈರ್ಡ್’ ಅಂತಿದ್ದರೆ ಹಾಕಲೇಬೇಕು. ‘ರೆಕಮೆಂಡೆಡ್’ ಅಂತಿದ್ದರೆ ನಿಮ್ಮ ಇಷ್ಟ. ಕೊಲೊರಾಡೋದಂಥ ಎತ್ತರದ ರಾಜ್ಯಗಳಲ್ಲಿ 85 ಕೂಡ ಸಿಗುತ್ತದೆ. ಮ್ಯಾನ್ಯುಯಲ್ 87 ಕೇಳುತ್ತಿದ್ದರೆ ಅಲ್ಲೂ 87 ಹಾಕಿ.

ಈಗ ಎಥೆನಾಲ್. ಇಲ್ಲಿ ಮಾರುವ ಹೆಚ್ಚುಕಡಿಮೆ ಎಲ್ಲ ಗ್ಯಾಸ್‌ನಲ್ಲಿ 10 ಶೇಕಡಾವರೆಗೆ ಎಥೆನಾಲ್ ಇದ್ದೇ ಇದೆ. ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಯೋಚಿಸಬೇಕಾದದ್ದು 88ರ ಬಗ್ಗೆ. ‘ಅನ್‌ಲೆಡೆಡ್ 88’ ಅನ್ನುವುದು 87ಕ್ಕಿಂತ ಮೇಲಿನ ಗ್ರೇಡ್‌ನಂತೆ ಕಾಣುತ್ತದೆ, ರೇಟು ಮಾತ್ರ ಕಡಿಮೆ! ಕಾರಣ, ಅದು ಇ15. ಅಂದರೆ 15 ಶೇಕಡಾವರೆಗೆ ಎಥೆನಾಲ್. ಎಥೆನಾಲ್‌ನ ಆಕ್ಟೇನ್ ಜಾಸ್ತಿ, ಅದಕ್ಕೇ ಅಂಕಿ ಏರಿದೆ. ಪಂಪ್ ಮೇಲೆ ಕಿತ್ತಳೆ ಮತ್ತು ಕಪ್ಪು ಬಣ್ಣದ ಚೀಟಿ ಇರುತ್ತದೆ, ಓದಿ. 2001ರ ಮಾಡೆಲ್ ಮತ್ತು ನಂತರದ ಕಾರುಗಳಿಗೆ ಇಪಿಎ (ಅಮೆರಿಕ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆ) ಇದನ್ನು ಒಪ್ಪಿದೆ. ಬೈಕ್, ದೋಣಿ, ಹುಲ್ಲು ಕತ್ತರಿಸುವ ಮೋವರ್‌ಗೆ ಹಾಕುವಂತಿಲ್ಲ.

ಆದರೆ ಇಪಿಎ ಒಪ್ಪಿದ ಮಾತ್ರಕ್ಕೆ ಕಾರು ಮಾಡಿದ ಕಂಪನಿ ಒಪ್ಪಿದೆ ಅಂತಲ್ಲ. ಕೆಲವು ಮಾಡೆಲ್‌ಗಳ ಮ್ಯಾನ್ಯುಯಲ್‌ನಲ್ಲಿ 10 ಶೇಕಡಾ ಮೀರಬಾರದು ಅಂತಲೇ ಬರೆದಿದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಇದನ್ನು ಖಂಡಿತ ನೋಡಬೇಕು. ಪುಸ್ತಕ ಸಿಕ್ಕಿಲ್ಲ ಅಂದರೆ ಕಂಪನಿಯ ವೆಬ್‌ಸೈಟ್‌ನಲ್ಲಿ ಹುಡುಕಿ. ಗ್ಯಾಸ್ ಹಾಕುವ ಬಾಗಿಲಿನ ಒಳಮೈಯಲ್ಲೂ ಸಾಮಾನ್ಯವಾಗಿ ಬರೆದಿರುತ್ತದೆ. ಕಾರು ಮನೆಗೆ ಬಂದ ದಿನವೇ ಅದರ ಫೋಟೋ ತೆಗೆದು ಮನೆಯವರಿಗೂ ಕಳಿಸಿ.

ಉಳಿತಾಯ ಎಷ್ಟು? ಎಥೆನಾಲ್‌ನಲ್ಲಿ ಶಕ್ತಿ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಾಗಾಗಿ ಇ15 ಹಾಕಿದರೆ ಮೈಲೇಜ್ 2 ಶೇಕಡಾದ ಹತ್ತಿರ ಇಳಿಯುತ್ತದೆ. 87ರ ರೇಟು ಗ್ಯಾಲನ್‌ಗೆ 3 ಡಾಲರ್ ಅಂದುಕೊಳ್ಳಿ. 88 ಐದಾರು ಸೆಂಟ್ ಕಡಿಮೆ ಇದ್ದರೆ ಲೆಕ್ಕ ಸಮಸಮ. 15 ಸೆಂಟ್ ಕಡಿಮೆ ಇದ್ದರೆ 12 ಗ್ಯಾಲನ್‌ಗೆ ಒಂದು ಡಾಲರ್ ಚಿಲ್ಲರೆ ಉಳಿಯುತ್ತದೆ. ಮ್ಯಾನ್ಯುಯಲ್ ಒಪ್ಪಿದರೆ ಧಾರಾಳವಾಗಿ ಹಾಕಿ. ಇಲ್ಲದಿದ್ದರೆ ಆ ಒಂದು ಡಾಲರ್‌ಗೋಸ್ಕರ ವಾರಂಟಿಯನ್ನು ಪಣಕ್ಕಿಡುವುದು ನನಗೆ ಸರಿ ಕಾಣುವುದಿಲ್ಲ.

ಇ85 ಪೂರಾ ಬೇರೆ ವಿಷಯ. ಅದರಲ್ಲಿ 51ರಿಂದ 83 ಶೇಕಡಾ ಎಥೆನಾಲ್. ಇಷ್ಟು ಎಥೆನಾಲ್‌ಗೂ ಹೊಂದುವಂತೆ ಮಾಡಿದ ಫ್ಲೆಕ್ಸ್ ಫ್ಯುಯೆಲ್ ಕಾರಿಗೆ ಮಾತ್ರ. ಅಂಥ ಕಾರಿನ ಹಿಂದೆ ‘ಫ್ಲೆಕ್ಸ್ ಫ್ಯುಯೆಲ್’ ಅನ್ನುವ ಫಲಕವೋ, ಗ್ಯಾಸ್ ಮುಚ್ಚಳ ಹಳದಿಯೋ ಇರುತ್ತದೆ. ರೇಟು ತುಂಬ ಕಡಿಮೆ ಅಂತ ಕೈ ಹಾಕಬೇಡಿ. ತಪ್ಪಿ ಹಾಕಿದ್ದು ಅಲ್ಲೇ ಗೊತ್ತಾದರೆ ಕಾರು ಸ್ಟಾರ್ಟ್ ಮಾಡಬೇಡಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ. ತಪ್ಪಿ ಒಂದು ಸಲ 88 ಹಾಕಿದ್ದರೆ ಗಾಬರಿ ಬೇಡ. ಸ್ವಲ್ಪ ಖಾಲಿಯಾದ ಮೇಲೆ 87 ತುಂಬಿಸಿ.

ಮನೆ ಕೊಂಡವರಿಗೆ ಮೋವರ್ ವಿಷಯ ಒಂದಿದೆ. ಒಂದು ವರ್ಷ ನಾವು ಅಕ್ಟೋಬರ್‌ನಲ್ಲಿ ಉಳಿದ ಗ್ಯಾಸ್ ಸಮೇತ ಅದನ್ನು ಗ್ಯಾರೇಜ್‌ನಲ್ಲಿ ಇಟ್ಟೆವು. ಏಪ್ರಿಲ್‌ನಲ್ಲಿ ಹಗ್ಗ ಎಳೆದು ಎಳೆದು ತೋಳು ಸೋತಿತು. ರಿಪೇರಿಯವರು ಕಾರ್ಬ್ಯುರೇಟರ್ ಬಿಚ್ಚಿ, ತಳದಲ್ಲಿ ಕಂದು ಬಣ್ಣದ ಅಂಟು ಹಿಡಿದಿದ್ದನ್ನು ಬೆರಳಿನಿಂದ ಕೆರೆದು ತೋರಿಸಿದರು. ಗ್ಯಾಸ್ ತಿಂಗಳುಗಟ್ಟಲೆ ನಿಂತರೆ ಕೆಡುತ್ತದೆ, ಎಥೆನಾಲ್ ತೇವ ಬೇರೆ ಎಳೆದುಕೊಳ್ಳುತ್ತದೆ. ಚಳಿಗಾಲಕ್ಕೆ ಮುಂಚೆ ಖಾಲಿ ಮಾಡಿ ಇಡಿ. ಎಥೆನಾಲ್ ಇಲ್ಲದ ಗ್ಯಾಸ್ ಹತ್ತಿರದಲ್ಲಿ ಸಿಕ್ಕರೆ ಮೋವರ್‌ಗೆ ಅದೇ ಒಳ್ಳೆಯದು. ಸಿಗದಿದ್ದರೆ 87. ಒಂದೇ ಪೈಪಿನಲ್ಲಿ ಹಲವು ಗ್ರೇಡ್ ಬರುವ ಪಂಪ್ ಆದರೆ ಹಿಂದಿನವರು ಹಾಕಿಸಿದ್ದು ಸ್ವಲ್ಪ ಪೈಪಿನಲ್ಲೇ ಉಳಿದಿರುತ್ತದೆ. ಕಾರಿನ ಟ್ಯಾಂಕಿಗೆ ಅದು ಲೆಕ್ಕಕ್ಕಿಲ್ಲ, ಒಂದು ಗ್ಯಾಲನ್ ಕ್ಯಾನಿಗೆ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಮೊದಲು ಕಾರಿಗೆ 87 ತುಂಬಿಸಿ, ಆಮೇಲೆ ಕ್ಯಾನ್ ಕೆಳಗೆ ನೆಲದ ಮೇಲಿಟ್ಟು ಅದೇ 87 ಹಿಡಿಯಿರಿ.