ಎರಡು ಎಕರೆ ನೀರು

ಗೂಟಕ್ಕೆ ಕಟ್ಟಿದ ಎತ್ತು ಹಗ್ಗ ಎಷ್ಟು ಉದ್ದವಿದೆಯೋ ಅಷ್ಟು ದೂರ ಸುತ್ತಲೂ ಮೇಯುತ್ತದೆ. ಗೂಟ ಹೊಡೆಯುವವನು ಗೂಟದ ಜಾಗವನ್ನಷ್ಟೇ ನೋಡಿದರೆ ಪಕ್ಕದ ಹೊಲದ ಜೋಳ ಉಳಿಯುವುದಿಲ್ಲ. ಯಾದಗಿರಿ ಜಿಲ್ಲೆಯ ಹುಣಸಗಿ ತಾಲ್ಲೂಕಿನಲ್ಲಿ, ಕೃಷ್ಣಾ ದಂಡೆಯ ಮೇಲೆ ಬೆಳೆದ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಹನ್ನೆರಡು ಮೀಟರ್ ಉದ್ದದ ಹಾಯಿನೌಕೆಗೆ ಮೊದಲ ಸಲ ನನ್ನ ಹೊಣೆಯಲ್ಲೇ ಲಂಗರು ಹಾಕಿದ ಸಂಜೆ ಆ ಎತ್ತು ನನ್ನ ನೆನಪಿಗೆ ಬರಲಿಲ್ಲ.

ಅಕ್ಕನ ಮಗ ಈ ಅಕ್ಟೋಬರಿನಿಂದ ಇಂಥದೇ ಒಂದು ನೌಕೆಯಲ್ಲಿ ಕೆಲಸಕ್ಕೆ ಸೇರುತ್ತಿದ್ದಾನೆ. ಮೊನ್ನೆ ಜಲಾಶಯದ ದಂಡೆಯಲ್ಲಿ ಕುಳಿತಾಗ ಕೇಳಿದ: "ಮಾಮಾ, ಎಲ್ಲೆಲ್ಲಿ ಲಂಗರು ಹಾಕಬಾರದು ಎಂಬ ಪಟ್ಟಿ ಎಲ್ಲಾದರೂ ಸಿಗುತ್ತದೆಯೇ?" ಅರ್ಧ ಪಟ್ಟಿ ಸಿಗುತ್ತದೆ, ಇನ್ನರ್ಧವನ್ನು ಕೇಳಿಯೇ ತಿಳಿಯಬೇಕು ಎಂದೆ. ಆ ಇನ್ನರ್ಧ ನನಗೆ ತಿಳಿದದ್ದು ಹೇಗೆಂದು ಅವನಿಗಾಗಿಯೇ ಬರೆಯುತ್ತಿದ್ದೇನೆ.

ಹತ್ತೊಂಬತ್ತನೇ ವಯಸ್ಸಿಗೆ ಯಾದಗಿರಿ ನಿಲ್ದಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ಹೋದೆ. ನಮ್ಮ ಕಡೆಯ ನೂರಾರು ಜನರಂತೆ ಕಟ್ಟಡದ ಕೆಲಸಕ್ಕೇ ಹೋದದ್ದು. ಎರಡು ವರ್ಷದ ನಂತರ ದೋಣಿ ದುರಸ್ತಿ ಮಾಡುವ ಅಂಗಳದಲ್ಲಿ ನೌಕೆಗಳ ತಳ ಕೆರೆದು ಬಣ್ಣ ಬಳಿಯುವ ಕೆಲಸ ಸಿಕ್ಕಿತು. ಅಲ್ಲಿಂದ ಒಬ್ಬ ಮಾಲೀಕರ ಹಾಯಿನೌಕೆಗೆ ಸಹಾಯಕನಾಗಿ ಹೋದೆ, ಈಗ ಅದನ್ನು ನಡೆಸುವುದೂ ನನ್ನದೇ ಕೆಲಸ. ಮಳೆಗಾಲ ಮುಗಿದ ಮೇಲೆ ಮುಂಬೈನಿಂದ ಕೊಚ್ಚಿಯ ಕಡೆಗೆ ಇಳಿಯುತ್ತೇವೆ, ಬೇಸಿಗೆ ಮುಗಿಯುವ ಮೊದಲು ಹಿಂದಿರುಗುತ್ತೇವೆ. ಜೂನ್‌ನಲ್ಲಿ ನೌಕೆ ದಡಕ್ಕೇರುತ್ತದೆ. ಆ ತಿಂಗಳ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯ ಯಾಂತ್ರಿಕ ದೋಣಿಗಳಿಗೂ ಮೀನುಗಾರಿಕೆ ನಿಷೇಧ. ನಾನು ಊರಿಗೆ ಬರುತ್ತೇನೆ.

ಆ ಸಂಜೆ ನಡೆದದ್ದು ಹೊನ್ನಾವರ ಮತ್ತು ಭಟ್ಕಳದ ನಡುವಿನ ಒಂದು ಕೊಲ್ಲಿಯಲ್ಲಿ, ಡಿಸೆಂಬರ್ ತಿಂಗಳಲ್ಲಿ. ನಕ್ಷೆಯಲ್ಲಿ ಆ ಜಾಗಕ್ಕೆ ಯಾವ ನಿರ್ಬಂಧದ ಗುರುತೂ ಇರಲಿಲ್ಲ. ಆಳ ಐದು ಮೀಟರ್, ತಳ ಕೆಸರು. ವಾಯವ್ಯದಿಂದ ಕಡಲ ಗಾಳಿ ಬೀಸುತ್ತಿತ್ತು, ಹಾಗಾಗಿ ನೌಕೆ ಲಂಗರಿನಿಂದ ದಡದ ಕಡೆಗೆ ಚಾಚಿ ನಿಂತಿತು. ಸರಪಳಿ ನಲವತ್ತು ಮೀಟರ್ ಬಿಟ್ಟೆ, ಲಂಗರಿನ ದೀಪ ಹಚ್ಚಿದೆ, ಮಲಗಿದೆ.

ಕತ್ತಲಾದ ಮೇಲೆ ಊರಿನವರು ಎಂದಿನ ಜಾಗಕ್ಕೆ ಬಂದು ಬಲೆ ಇಳಿಸಿದ್ದರು. ಮೀನಿನ ಕಿವಿರನ್ನು ಸಿಕ್ಕಿಸುವ ತೆಳು ನೈಲಾನ್ ಬಲೆ, ಮೇಲೆ ಬೆಂಡು, ಕೆಳಗೆ ಸೀಸದ ಗುಂಡು. ನಮ್ಮ ದೀಪ ನೋಡಿ ನೌಕೆಯಿಂದ ಸಮುದ್ರದ ಕಡೆಗೆ ಎಂಬತ್ತು ಮೀಟರಿನಷ್ಟು ಅಂತರವನ್ನೂ ಬಿಟ್ಟಿದ್ದರು. ಆದರೆ ಚಳಿಗಾಲದಲ್ಲಿ ಆ ಕರಾವಳಿಯ ಗಾಳಿ ರಾತ್ರಿಯಲ್ಲಿ ತಿರುಗುತ್ತದೆ. ಕಡಲ ಗಾಳಿ ಹನ್ನೊಂದರ ಹೊತ್ತಿಗೆ ಸತ್ತಿತು, ಎರಡು ಗಂಟೆಗೆ ಘಟ್ಟದ ಕಡೆಯಿಂದ ನೆಲದ ಗಾಳಿ ಎದ್ದಿತು. ದಡದ ಕಡೆ ಐವತ್ತು ಮೀಟರ್ ಚಾಚಿದ್ದ ನೌಕೆ ಲಂಗರನ್ನು ಸುತ್ತಿ ಸಮುದ್ರದ ಕಡೆಗೆ ಐವತ್ತು ಮೀಟರ್ ಚಾಚಿಕೊಂಡಿತು. ಲಂಗರು ಒಂದು ಗೇಣೂ ಕದಲಿರಲಿಲ್ಲ. ನೌಕೆ ಮಾತ್ರ ನೂರು ಮೀಟರ್ ಸರಿದು ಬಲೆಯ ಮೇಲೆ ನಿಂತಿತ್ತು.

ಮೂರು ಗಂಟೆಗೆ ಕೂಗು ಕೇಳಿ ಎದ್ದೆ. ಚುಕ್ಕಾಣಿಗೂ ಎಂಜಿನ್ನಿನ ಪಂಖಕ್ಕೂ ಬಲೆ ಸುತ್ತಿಕೊಂಡಿತ್ತು. ಎಂಜಿನ್ ಹಚ್ಚಿ ಬಿಡಿಸಿಕೊಳ್ಳೋಣ ಎಂದು ಕೈ ಹೋಗಿತ್ತು, ಹಚ್ಚಿದ್ದರೆ ಬಲೆ ಪೂರ್ತಿ ಸುತ್ತಿಕೊಂಡು ಹರಿದೇ ಹೋಗುತ್ತಿತ್ತು. ನೀರೊಳಗೆ ನೋಡುವ ಮುಖಗವಸು ಹಾಕಿಕೊಂಡು ಕೆಳಗಿಳಿದು ಬೆಳಕು ಹರಿಯುವವರೆಗೆ ಕೈಯಿಂದಲೇ ಬಿಡಿಸಿದೆ. ಎರಡು ಕಡೆ ಕತ್ತರಿಸಲೇಬೇಕಾಯಿತು. ಆ ದೋಣಿಯ ತಾಂಡೇಲರು, ಅಂದರೆ ದೋಣಿ ನಡೆಸುವ ಮುಖ್ಯಸ್ಥರು, ನನ್ನ ತಂದೆಯ ವಯಸ್ಸಿನವರು. ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಹೇಳಿದ್ದು ಇಷ್ಟೇ: "ತಮ್ಮ, ಹಗಲಿನಲ್ಲಿ ಬಂದಿದ್ದೀಯ. ದಡಕ್ಕೆ ಬಂದು ಒಂದು ಮಾತು ಕೇಳಿದ್ದರೆ ಜಾಗ ನಾವೇ ತೋರಿಸುತ್ತಿದ್ದೆವು." ಬಲೆಯ ಬೆಲೆಯನ್ನೂ ಆ ದಿನದ ಮೀನಿನ ಬೆಲೆಯನ್ನೂ ಕೊಟ್ಟೆವು. ಅಂತರ ಬಿಟ್ಟವರು ಅವರು, ನಿಯಮದ ದೀಪ ಹಚ್ಚಿದವನು ನಾನು, ಹಾಗಿದ್ದರೆ ತಪ್ಪು ಯಾರದು ಎಂದು ಮಾಲೀಕರು ಕೇಳಿದರು. ನನ್ನದೇ ಎಂದೆ. ಈಗಲೂ ಅದೇ ಮಾತು. ಪ್ರತಿ ರಾತ್ರಿ ಬಲೆ ಇಳಿಯುವ ಜಾಗಕ್ಕೆ ಹೋಗಿ ನಿಂತವನು ನಾನು.

ಆ ವರ್ಷ ಊರಿಗೆ ಬಂದಾಗ ಅಪ್ಪನಿಗೆ ಇದೆಲ್ಲವನ್ನೂ ಹೇಳಿದೆ. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿಯಿತು, ನಮ್ಮ ಹೊಲ ಅದರ ಹಿನ್ನೀರಿನಲ್ಲಿ ಮುಳುಗಿತು. ನೇಗಿಲು ಬಿಟ್ಟು ಬಲೆ ಹಿಡಿದವರು ನಮ್ಮ ಅಪ್ಪ. ಇಂದಿಗೂ ಹರಿಗೋಲಿನಲ್ಲಿ ಹೋಗುವಾಗ "ಇದು ಬೇವಿನ ಹೊಲ, ಇದು ಕಲ್ಲಬಾವಿಯ ಹೊಲ" ಎಂದು ನೀರಿಗೇ ಹೆಸರು ಹೇಳಿ ಬಲೆ ಬಿಡುತ್ತಾರೆ. "ನಿಮ್ಮ ನೌಕೆ ಎಷ್ಟು ಜಾಗ ಹಿಡಿಯುತ್ತದೆ?" ಎಂದು ಕೇಳಿದರು. ಕಾಗದ ತೆಗೆದು ಲೆಕ್ಕ ಹಾಕಿದೆ. ಇಳಿತದಲ್ಲಿ ಆಳ ಐದು ಮೀಟರ್, ಉಬ್ಬರಕ್ಕೆ ಎರಡು, ನೀರಿನಿಂದ ನೌಕೆಯ ಮೂತಿಯ ಎತ್ತರ ಒಂದು, ಒಟ್ಟು ಎಂಟು. ಅದರ ಐದು ಪಟ್ಟು ಸರಪಳಿ ಬಿಡಬೇಕು, ಅಂದರೆ ನಲವತ್ತು. ನೌಕೆಯ ಉದ್ದ ಹನ್ನೆರಡು ಸೇರಿಸಿದರೆ ಐವತ್ತೆರಡು ಮೀಟರಿನ ಹಗ್ಗ ಕಟ್ಟಿದ ಎತ್ತು. ಅದು ಸುತ್ತುವ ಜಾಗ ಸುಮಾರು ಎಂಟೂವರೆ ಸಾವಿರ ಚದರ ಮೀಟರ್, ಎರಡು ಎಕರೆಗಿಂತ ಸ್ವಲ್ಪ ಹೆಚ್ಚು.

"ಎರಡು ಎಕರೆ," ಎಂದು ಅಪ್ಪ ಎರಡು ಸಲ ಹೇಳಿದರು. ಮುಳುಗಿದ ನಮ್ಮ ಹೊಲವೂ ಅಷ್ಟೇ ಇತ್ತು. "ಕೇಳದೆ ಯಾರ ಎರಡು ಎಕರೆಯಲ್ಲೂ ಎತ್ತು ಕಟ್ಟಬೇಡ."

ನಿರ್ಬಂಧಗಳ ವಿಷಯಕ್ಕೆ ಬರುತ್ತೇನೆ. ಕಾಗದದಲ್ಲಿ ಇರುವುದನ್ನು ಮೊದಲು ಓದಿ ಮುಗಿಸಬೇಕು. ಡೆಹ್ರಾಡೂನಿನ ರಾಷ್ಟ್ರೀಯ ಹೈಡ್ರೋಗ್ರಾಫಿಕ್ ಕಚೇರಿ ಹೊರಡಿಸುವ ನಕ್ಷೆಗಳಲ್ಲಿ ನೇರಳೆ ಗೆರೆಯೊಳಗೆ ಅಡ್ಡಗೀಟು ಹೊಡೆದ ಲಂಗರಿನ ಚಿತ್ರ ಕಂಡರೆ ಅಲ್ಲಿ ಲಂಗರು ನಿಷಿದ್ಧ. ಅಲೆಯಂತೆ ಬಳುಕುವ ನೇರಳೆ ಗೆರೆ ಎಂದರೆ ಕೆಳಗೆ ಕೇಬಲ್ ಇದೆ. ಕಾರವಾರದ ದಕ್ಷಿಣಕ್ಕೆ ಕದಂಬ ನೌಕಾನೆಲೆಯ ನೀರಿನಿಂದ ದೂರವೇ ಇರಬೇಕು. ಬಂದರಿನ ಮಿತಿಯೊಳಗೆ ಎಲ್ಲಿ ನಿಲ್ಲಬೇಕೆಂದು ಹೇಳುವವರು ಬಂದರು ಅಧಿಕಾರಿಗಳು. ಸಮುದ್ರದಲ್ಲಿ ಡಿಕ್ಕಿ ತಡೆಯುವ 1972ರ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಕಿರಿದಾದ ಕಾಲುವೆಯಲ್ಲಿ ಸಾಧ್ಯವಾದಷ್ಟೂ ಲಂಗರು ಹಾಕಬಾರದು, ಹಾಯಿಯಲ್ಲಿ ಸಾಗುವ ನೌಕೆ ಮೀನು ಹಿಡಿಯುತ್ತಿರುವ ದೋಣಿಗೆ ದಾರಿ ಬಿಡಬೇಕು. ವಿದೇಶಿ ಧ್ವಜದ ನೌಕೆಗಳಿಗೆ ಇನ್ನೊಂದು ಮಾತಿದೆ. 1982ರ ಸಮುದ್ರ ಕಾನೂನು ಒಪ್ಪಂದ ಬೇರೆ ದೇಶದ ಕರಾವಳಿಯಿಂದ ಹನ್ನೆರಡು ನಾಟಿಕಲ್ ಮೈಲಿಯೊಳಗೆ ಹಾದುಹೋಗುವ ಹಕ್ಕನ್ನು ಕೊಡುತ್ತದೆ, ಬೇಕಾದಲ್ಲಿ ನಿಲ್ಲುವ ಹಕ್ಕನ್ನಲ್ಲ. ಸಾಮಾನ್ಯ ಸಂಚಾರದ ಭಾಗವಾಗಿ ಅಥವಾ ಅಪಾಯದಲ್ಲಿ ಮಾತ್ರ ಲಂಗರು ಹಾಕಬಹುದು.

ಇಷ್ಟು ಓದಿದರೆ ದಂಡ ತಪ್ಪುತ್ತದೆ, ಬಲೆ ಉಳಿಯುವುದಿಲ್ಲ. ಸ್ಪೇನಿನ ಬಾಲಿಯಾರಿಕ್ ದ್ವೀಪಗಳಲ್ಲಿ ಪಾಸಿಡೋನಿಯಾ ಎಂಬ ಕಡಲಹುಲ್ಲಿನ ಮೇಲೆ ಲಂಗರು ಹಾಕುವುದನ್ನು 2018ರ ಆದೇಶ ನಿಷೇಧಿಸಿದೆ. ಅಂಥ ಕಡೆ ಹುಲ್ಲು ಎಲ್ಲಿದೆ ಎಂದು ಗುರುತಿಸಿದ ನಕ್ಷೆ ಕೈಯಲ್ಲಿರುತ್ತದೆ. ನಮ್ಮ ಕರಾವಳಿಯಲ್ಲಿ ಯಾವ ತಿಂಗಳು ಯಾವ ಊರಿನ ಬಲೆ ಎಲ್ಲಿ ಇಳಿಯುತ್ತದೆ ಎಂಬುದು ತಾಂಡೇಲರ ತಲೆಯಲ್ಲಿದೆ. ಅಪ್ಪನ ಬೇವಿನ ಹೊಲದಂತೆ ಅವರ ಕಡಲಿಗೂ ಹೆಸರುಗಳಿವೆ, ಒಂದೂ ನಕ್ಷೆಯಲ್ಲಿಲ್ಲ. ನೌಕೆಯವರಿಗೂ ಮೀನುಗಾರರಿಗೂ ಒಂದೇ ಜಾಗ ಬೇಕಾಗುವುದಕ್ಕೆ ಕಾರಣವೂ ಇದೆ. ಲಂಗರು ಚೆನ್ನಾಗಿ ಕಚ್ಚುವುದು ಕೆಸರಿನಲ್ಲಿ, ಸೀಗಡಿ ವಾಸಿಸುವುದೂ ಅದೇ ಕೆಸರಿನಲ್ಲಿ. ನಮಗೆ ಅಲೆಯಿಂದ ಮರೆ ಕೊಡುವ ಕೊಲ್ಲಿಯೇ ಅವರ ಸಣ್ಣ ದೋಣಿಗೂ ಮರೆ.

ಈಗ ನಾನು ಮಾಡುವುದು ಹೀಗೆ. ಕತ್ತಲಾಗಲು ಕನಿಷ್ಠ ಎರಡು ಗಂಟೆ ಇರುವಾಗಲೇ ಕೊಲ್ಲಿಯನ್ನು ತಲುಪುತ್ತೇನೆ. ಕತ್ತಲಲ್ಲಿ ಬೆಂಡು ಕಾಣುವುದಿಲ್ಲ, ಮಾತನಾಡಿಸಲು ಜನರೂ ಸಿಗುವುದಿಲ್ಲ. ಲಂಗರು ಇಳಿಸುವ ಮೊದಲು ಇಡೀ ವೃತ್ತವನ್ನು ನಿಧಾನವಾಗಿ ಸುತ್ತಿ ಬರುತ್ತೇನೆ, ಒಬ್ಬರನ್ನು ಮೂತಿಯಲ್ಲಿ ನಿಲ್ಲಿಸಿ ಬೆಂಡು, ಬಾಟಲಿ, ಥರ್ಮೋಕೋಲ್ ತುಂಡು, ಧ್ವಜ ಕಟ್ಟಿದ ಬಿದಿರು ಹುಡುಕಿಸುತ್ತೇನೆ. ಬೆಂಡು ಕಂಡ ಕೂಡಲೇ ಎಂಜಿನ್ ನ್ಯೂಟ್ರಲ್‌ಗೆ ಬರಬೇಕು. ದಡದಲ್ಲಿ ಸಾಲುಸಾಲಾಗಿ ಜನ ನಿಂತು ರಂಪಣಿ ಎಳೆಯುತ್ತಿದ್ದರೆ ಅಲ್ಲಿ ನಿಲ್ಲುವ ಮಾತೇ ಇಲ್ಲ, ಆ ಬಲೆ ಇಡೀ ದಂಡೆಯನ್ನು ಬಳಸಿಕೊಂಡು ಬರುತ್ತದೆ. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುತ್ತಾರೆ, ಆ ನೆಲಕ್ಕೆ ಲಂಗರು ತಾಗಿಸುವುದಿಲ್ಲ. ನೇತ್ರಾಣಿ ದ್ವೀಪದ ಸುತ್ತ ಹವಳವಿದೆ, ಅಲ್ಲೂ ಇಲ್ಲ.

ಆಮೇಲೆ ಸಣ್ಣ ದೋಣಿಯಲ್ಲಿ ದಡಕ್ಕೆ ಹೋಗುತ್ತೇನೆ. ಇದೇ ಮುಖ್ಯ ಕೆಲಸ. ಮೊದಲು ಸಿಕ್ಕವರನ್ನು "ಇಲ್ಲಿ ನಿಲ್ಲಬಹುದೇ?" ಎಂದು ಕೇಳಿದರೆ ಮರ್ಯಾದೆಗೆ "ನಿಲ್ಲಿ" ಎಂದುಬಿಡುತ್ತಾರೆ. ಹಾಗಾಗಿ ಪ್ರಶ್ನೆ ಬದಲಿಸಿದ್ದೇನೆ. "ಇಂದು ರಾತ್ರಿ ಬಲೆ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ? ಬೆಳಿಗ್ಗೆ ದೋಣಿಗಳು ಎಷ್ಟು ಹೊತ್ತಿಗೆ, ಯಾವ ದಾರಿಯಲ್ಲಿ ಹೊರಡುತ್ತವೆ? ನೆಲದ ಗಾಳಿ ಎಷ್ಟು ಹೊತ್ತಿಗೆ ಏಳುತ್ತದೆ?" ಎಂದು ಕೇಳುತ್ತೇನೆ. ಮರಳಿನ ಮೇಲೆ ಕಡ್ಡಿಯಿಂದ ವೃತ್ತ ಬರೆದು, ಗಾಳಿ ತಿರುಗಿದರೆ ನೌಕೆ ಇಲ್ಲಿಂದ ಇಲ್ಲಿಯವರೆಗೆ ಬರುತ್ತದೆ ಎಂದು ತೋರಿಸುತ್ತೇನೆ. ವೃತ್ತ ನೋಡಿದ ಕೂಡಲೇ ಅವರ ಕೈ ತಾನಾಗಿ ಕಡ್ಡಿಗೆ ಬರುತ್ತದೆ, ಅವರೇ ಬಲೆಯ ಗೆರೆ ಎಳೆಯುತ್ತಾರೆ. ಕೆಲವು ಊರುಗಳಲ್ಲಿ ಕೊಂಕಣಿ, ಕೆಲವು ಕಡೆ ಕನ್ನಡ, ಆದರೆ ಮರಳಿನ ಮೇಲಿನ ಗೆರೆ ಎಲ್ಲರಿಗೂ ತಿಳಿಯುತ್ತದೆ. ಮೊಬೈಲ್ ಸಂಖ್ಯೆ ಕೊಟ್ಟು ಬರುತ್ತೇನೆ.

ದೀಪದ ಬಗ್ಗೆ ಒಂದು ಮಾತು. ಹಗಲಿನಲ್ಲಿ ಮೂತಿಯ ಕಡೆ ಕಪ್ಪು ಚೆಂಡು, ರಾತ್ರಿ ಸುತ್ತಲೂ ಕಾಣುವ ಬಿಳಿ ದೀಪ, ಇದು ನಿಯಮ. ನಮ್ಮ ದೀಪ ಹಾಯಿ ಕಟ್ಟುವ, ಹದಿನೈದು ಮೀಟರ್ ಎತ್ತರದ ಕೂವೆಮರದ ತುದಿಯಲ್ಲಿದೆ. ದೂರದ ಹಡಗಿಗೆ ಅದು ಸರಿ. ಆದರೆ ನೀರಿಗೆ ಹತ್ತಿರ ಕುಳಿತು ದೋಣಿ ನಡೆಸುವವರು ಅಷ್ಟು ಎತ್ತರಕ್ಕೆ ತಲೆ ಎತ್ತುವುದಿಲ್ಲ, ಎತ್ತಿದರೂ ಅದು ನಕ್ಷತ್ರದಂತೆ ಕಾಣುತ್ತದೆ. ಅದಕ್ಕೆ ನೌಕೆಯ ಡೆಕ್ಕಿನ ಮೇಲೆ ಬೆಳಕು ಬೀಳುವಂತೆ, ಮನುಷ್ಯನ ಎತ್ತರದಲ್ಲಿ ಇನ್ನೊಂದು ದೀಪ ಕಟ್ಟುತ್ತೇನೆ. ಗಾಳಿ ತಿರುಗುವ ಹೊತ್ತಿಗೆ ಎಚ್ಚರವಿರುತ್ತೇನೆ. ದಡದ ಎರಡು ವಸ್ತುಗಳನ್ನು, ದೇವಸ್ಥಾನದ ದೀಪವನ್ನೋ ಮೊಬೈಲ್ ಗೋಪುರವನ್ನೋ, ಒಂದೇ ಸಾಲಿಗೆ ಹಿಡಿದು ನೋಡಿದರೆ ನೌಕೆ ಎಷ್ಟು ಸರಿದಿದೆ ಎಂದು ತಿಳಿಯುತ್ತದೆ.

ಎಲ್ಲ ಕಡೆಯೂ ಜಾಗ ಸಿಗುತ್ತದೆ ಎಂದು ಅಳಿಯನಿಗೆ ಹೇಳಲಾರೆ. ಕಳೆದ ಫೆಬ್ರವರಿಯಲ್ಲಿ ಕಾರವಾರದಿಂದ ಹೊರಟು, ನೌಕಾನೆಲೆಯ ನೀರನ್ನು ದಾಟಿ ದಕ್ಷಿಣದ ಒಂದು ಕೊಲ್ಲಿಗೆ ಸಂಜೆ ಹೊಕ್ಕೆವು. ನಕ್ಷೆಯ ಪ್ರಕಾರ ಅಡ್ಡಿಯಿಲ್ಲ, ಮರೆ ಚೆನ್ನಾಗಿತ್ತು, ಮಾಲೀಕರು ದಣಿದಿದ್ದರು. ದಡದಲ್ಲಿ ಬಲೆ ಹೊಲಿಯುತ್ತಿದ್ದವರ ಮುಂದೆ ವೃತ್ತ ಬರೆದೆ. ಅವರು ಕಡ್ಡಿ ತೆಗೆದುಕೊಂಡು ಒಂದು ಗೆರೆ ಎಳೆದರು, ಆಮೇಲೆ ಇನ್ನೊಂದು, ಮತ್ತೊಂದು. ನಾಲ್ಕನೆಯ ಗೆರೆಯ ಹೊತ್ತಿಗೆ ನನ್ನ ವೃತ್ತಕ್ಕೆ ಜಾಗ ಉಳಿದಿರಲಿಲ್ಲ. ಕೈಮುಗಿದು ಎದ್ದೆ. ಅವರಲ್ಲೊಬ್ಬರು ದಾರಿಗೆಂದು ಎರಡು ಎಳನೀರು ಕೊಟ್ಟರು. ಮಾಲೀಕರಿಗೆ ಒಳಗೆ ಮಲಗಲು ಹೇಳಿ ಕತ್ತಲಲ್ಲೇ ಹೊರಗೆ ಹೊರಟೆ, ಬಲೆಗಳಿರದಷ್ಟು ಆಳದ ನೀರಿಗೆ ಹೋಗಿ ದಕ್ಷಿಣಕ್ಕೆ ತಿರುಗಿಸಿದೆ. ನೆಲದ ಗಾಳಿ ಎರಡರ ಸುಮಾರಿಗೆ ಬಂದಿತು. ಬೆಳಗಾಗುವಾಗ ಎಡಗಡೆಯಲ್ಲಿ ಮುರುಡೇಶ್ವರದ ಗೋಪುರ ಕಾಣುತ್ತಿತ್ತು.