ಕಾಫಿ ಚೀಲದ ಮೇಲೊಂದು ಪಾಠ

ಮಡಿಕೇರಿಯಲ್ಲಿ ಎಂ.ಎ. ಸಮಾಜಶಾಸ್ತ್ರದ ಮಕ್ಕಳಿಗೆ ಪ್ರತಿಭಟನೆಯ ಪಾಠ ಬಂದಾಗ ನಾನು ಸೂಜಿ ದಾರ ಹಂಚಿ, ಗೋಣಿಯ ಮೇಲೆ ಅವರವರ ಊರಿನ ಕತೆ ಹೊಲಿಸುತ್ತೇನೆ. ನೀವೂ ಮಾಡಿ ನೋಡಿ. ಬೇಕಾದ್ದು ಕಾಫಿ ತುಂಬಿದ್ದ ಹಳೇ ಗೋಣಿಚೀಲ. ಚೆನ್ನಾಗಿ ಝಾಡಿಸಿ, ಎರಡು ದಿನ ಬಿಸಿಲಿಗೆ ಹಾಕಿ. ನಮ್ಮ ಮಳೆಗಾಲದಲ್ಲಂತೂ ಬೇಡವೇ ಬೇಡ, ಕ್ಲಾಸೆಲ್ಲ ಮುಗ್ಗಲು ವಾಸನೆ.

ಗೋಣಿಯೇ ಯಾಕೆ? ಚಿಲಿಯಲ್ಲಿ 1973ರ ಸೇನಾ ದಂಗೆಯ ನಂತರ ಸರ್ವಾಧಿಕಾರಿ ಪಿನೊಚೆಯ ಆಡಳಿತದಲ್ಲಿ ಕಾಣೆಯಾದವರ ಮನೆಯ ಹೆಂಗಸರು ಗೋಣಿಯ ಮೇಲೆ ಬಟ್ಟೆ ಚೂರು ಹೊಲಿದು ತಮ್ಮ ಕತೆ ಹೇಳಿದರು. ಅದರ ಹೆಸರು ಆರ್ಪಿಯೆರಾ. ಸ್ಪ್ಯಾನಿಷ್‌ನಲ್ಲಿ ಗೋಣಿಬಟ್ಟೆ ಅಂತಲೇ ಅರ್ಥ. ಇದನ್ನು ಮೊದಲೇ ಹೇಳಬೇಡಿ. ಎಲ್ಲರೂ ತಲೆ ತಗ್ಗಿಸಿ ಹೊಲಿಯುತ್ತಿರುವಾಗ ಹೇಳಿ. ಆಗ ಬರುವ ಪ್ರಶ್ನೆಗಳೇ ಬೇರೆ.

ಒಂದೊಂದು ಅಡಿಯ ಚೌಕ ಕತ್ತರಿಸಿ, ಮೊದಲೇ ಅಂಚು ಮಡಚಿ ಹೊಲಿದುಬಿಡಿ. ಇಲ್ಲದಿದ್ದರೆ ನಾರು ಬಿಚ್ಚಿಕೊಳ್ಳುತ್ತದೆ. ಕಸೂತಿ ದಾರದ ಆರೂ ಎಳೆ ಸೇರಿಸಿಯೇ ಬಳಸಿ. ರನ್ನಿಂಗ್ ಸ್ಟಿಚ್, ಚೈನ್ ಸ್ಟಿಚ್ ಸಾಕು. ಧಾರವಾಡ ಕಸೂತಿಯ ಗವಂತಿ, ಮುರ್ಗಿ ಹೊಲಿಗೆ ಕಲಿಸಲು ಹೊರಟರೆ ಸೆಮಿಸ್ಟರೇ ಮುಗಿದುಹೋಗುತ್ತದೆ. "ನಮಗೆ ಬರಲ್ಲ ಮೇಡಂ" ಅನ್ನುವ ಹುಡುಗರ ಕೈಗೆ ದಬ್ಬಳ ಕೊಡಿ. ತೋಟದಲ್ಲಿ ಚೀಲದ ಬಾಯಿ ಹೊಲಿದವನು ಒಬ್ಬನಾದರೂ ಇರುತ್ತಾನೆ. ನನಗೆ ಬಿಚ್ಚದ ಗಂಟು ಕಲಿಸಿದ್ದು ಅಂಥವನೇ.

ವಿಷಯ ಕೊಡುವಾಗ ನಾನು ಎಡವಿದೆ. ಮೊದಲ ಸಲ ನಮ್ಮ ಕೊಡಗಿನ 2018ರ ಆಗಸ್ಟಿನ ಭೂಕುಸಿತವನ್ನು ಹೊಲಿಯಿರಿ ಎಂದೆ. ಒಬ್ಬಳು ಸೂಜಿ ಕೆಳಗಿಟ್ಟು ಎದ್ದು ಹೋದಳು. ಆ ಭೂಕುಸಿತಕ್ಕೆ ಸಿಕ್ಕ ಮಕ್ಕಂದೂರು ಕಡೆಯವಳು. ಮೊದಲೇ ಕೇಳಬೇಕಿತ್ತು, ಅಲ್ವಾ? ಈಗ "ನಿಮ್ಮೂರಲ್ಲಿ ಮೊದಲಿತ್ತು, ಈಗಿಲ್ಲ, ಅಂಥದ್ದೊಂದು" ಅಂತಷ್ಟೇ ಹೇಳುತ್ತೇನೆ. ಹೇಳಲು ಮನಸ್ಸಿಲ್ಲದವರು ಬೇರೆಯವರ ಅಂಚು ಹೊಲಿಯಲಿ. ಕಳೆದ ಬಾರಿ ಬೇರೆ ಬೇರೆ ಊರಿನ ಮೂವರು ಭತ್ತದ ಗದ್ದೆಯನ್ನೇ ಹೊಲಿದರು. ಗದ್ದೆ ಪಾಳು ಬಿದ್ದದ್ದು ಕೂಲಿಯವರು ಸಿಗದೆ ಅಂತ ಒಬ್ಬ, ಆನೆ ಕಾಟ ಅಂತ ಇನ್ನೊಬ್ಬಳು, ಸೈಟು ಮಾಡಿ ಮಾರಿದರು ಅಂತ ಮತ್ತೊಬ್ಬ. ಆ ದಿನ ನಾನು ಪಾಠ ಮಾಡಲೇ ಇಲ್ಲ.

ಹೊಲಿಗೆಯ ಅಂದಕ್ಕೆ ಅಂಕ ಕೊಡಬೇಡಿ. ಏನನ್ನು ಬಿಚ್ಚಿ ಮತ್ತೆ ಹೊಲಿದೆ, ಯಾಕೆ, ಅಂತ ಒಂದು ಪುಟ ಬರೆಸಿ, ಅದಕ್ಕೆ ಕೊಡಿ.

ಚೌಕಗಳನ್ನು ಜೋಡಿಸಲು ಇಡೀ ಒಂದು ಕ್ಲಾಸ್ ಬೇಕು. ಮೂರು ಗದ್ದೆ ಒಟ್ಟಿಗಿರಬೇಕೋ, ಚದುರಿರಬೇಕೋ ಅಂತಲೇ ಅರ್ಧ ಗಂಟೆ ಜಗಳ ನಡೆಯಿತು. ನಡುವೆ ಬಾಯಿ ಹಾಕಬೇಡಿ. ವರಾಂಡದಲ್ಲಿ ತೂಗುಹಾಕುವ ಮುಂಚೆ, ಹೆಸರು ಹಾಕಲಾ ಬೇಡವಾ ಅಂತ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೇಳಿ.