ಟೋಕಿಯೋದಲ್ಲಿ ಒಳ್ಳೆಯ ಮಾಡೆಲ್ ರೈಲು ಅಂಗಡಿ ಹುಡುಕುವುದು ಹೇಗೆ?

ಬೆಂಗಳೂರಿನಿಂದ ಕಂಪನಿ ಕೆಲಸಕ್ಕೆ ಜಪಾನಿಗೆ ಹೋಗಿ ಬರುವವರು ಈಗ ಜಾಸ್ತಿ. ಬರುವಾಗ ಮಕ್ಕಳಿಗೋ ತಮಗೋ ಒಂದು ಶಿಂಕಾನ್ಸೆನ್, ಅಂದರೆ ಅಲ್ಲಿನ ಬುಲೆಟ್ ರೈಲಿನ, ಮಾಡೆಲ್ ತರುತ್ತಾರೆ. ಹಾಗೆ ತಂದ ಮೂರು ಪೆಟ್ಟಿಗೆಗಳು ನನ್ನ ಸ್ನೇಹಿತರ ಮನೆಗಳಲ್ಲಿ ಓಡದೆ ಕೂತಿವೆ. ಒಂದರಲ್ಲಿ ಮೋಟಾರೇ ಇಲ್ಲ. ಇನ್ನೊಂದರ ಅಡಾಪ್ಟರ್ ಮನೆಯ ಪ್ಲಗ್ಗಿಗೆ ಹಾಕಿದ ದಿನವೇ ಸುಟ್ಟುಹೋಯಿತು. ಮೂರನೆಯದು ಅವರ ಹಳಿಯ ತಿರುವಿನಲ್ಲಿ ತಿರುಗುವುದಿಲ್ಲ. ಮೂವರೂ ವಿಮಾನ ಹತ್ತುವ ಹಿಂದಿನ ಸಂಜೆ, ಕಣ್ಣಿಗೆ ಬಿದ್ದ ಮೊದಲ ಅಂಗಡಿಗೆ ಹೋಗಿದ್ದರು. ದುಡ್ಡು ಕೊಟ್ಟು ಆಸೆಯಿಂದ ತಂದ ರೈಲು ಹೀಗೆ ಪೆಟ್ಟಿಗೆಯಲ್ಲೇ ಉಳಿಯುವುದು ನೋಡಿದರೆ ನನಗೆ ನಿಜವಾಗಿ ಬೇಜಾರಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಹೊರಡುವ ಮುಂಚೆ ಮನೆಯ ಮೇಜು ಅಳೆಯಿರಿ

ಜಪಾನಿನಲ್ಲಿ ಎಲ್ಲ ಕಡೆ ಸಿಗುವುದು ಎನ್ ಗೇಜ್ ಎಂಬ ಸಣ್ಣ ಅಳತೆಯ ಮಾಡೆಲ್. ಹಳಿಯ ಅಗಲ 9 ಮಿ.ಮೀ. ಅಲ್ಲಿನ ಸಾಮಾನ್ಯ ರೈಲುಗಳ ಮಾಡೆಲ್ 1:150 ಅಳತೆಯಲ್ಲಿ (ನಿಜವಾದ ರೈಲಿನ 150ರಲ್ಲಿ ಒಂದು ಪಾಲು) ಬರುತ್ತದೆ, ಶಿಂಕಾನ್ಸೆನ್ 1:160ರಲ್ಲಿ. ಯುರೋಪಿನ ಎನ್ ಗೇಜ್ ಕೂಡ 1:160. ಹಳಿ ಒಂದೇ ಆದ್ದರಿಂದ ಎಲ್ಲವೂ ಒಂದೇ ಹಳಿಯ ಮೇಲೆ ಓಡುತ್ತವೆ.

ಎಚ್‌ಒ ಎಂಬ ಇನ್ನೂ ದೊಡ್ಡ ಅಳತೆಯ ರೈಲು ಇಟ್ಟುಕೊಂಡವರು ಮಾತ್ರ ಸ್ವಲ್ಪ ಹುಷಾರಾಗಿರಬೇಕು. ಜಪಾನಿನ ಅಂಗಡಿಗಳಲ್ಲಿ ಎಚ್‌ಒ ಎಂದು ಕೊಡುವ ಬಹುಪಾಲು ಮಾಡೆಲ್‌ಗಳು 1:80. ನಿಮ್ಮ ಹತ್ತಿರ ಇರುವ ಅಮೆರಿಕದ ಅಥವಾ ಜರ್ಮನಿಯ ಎಚ್‌ಒ 1:87. ಎರಡಕ್ಕೂ ಹಳಿ 16.5 ಮಿ.ಮೀ. ಅಕ್ಕಪಕ್ಕ ನಿಲ್ಲಿಸಿದಾಗ ಜಪಾನಿನ ಬೋಗಿ ದಪ್ಪಗೆ ಕಾಣುತ್ತದೆ. ಪರವಾಗಿಲ್ಲ ಅನ್ನುವವರು ತರಬಹುದು. ನಾನು ತರುವುದಿಲ್ಲ.

ನಿಜವಾದ ಎನ್700 ಶಿಂಕಾನ್ಸೆನ್ 16 ಬೋಗಿಯದು, ಸುಮಾರು 400 ಮೀಟರ್ ಉದ್ದ. ಅದರ ಪೂರ್ತಿ ಮಾಡೆಲ್ ಎರಡೂವರೆ ಮೀಟರ್ ಆಗುತ್ತದೆ. ಊಟದ ಮೇಜಿನ ಮೇಲೆ ಅದರ ಮೂತಿ ಹೋಗಿ ಬಾಲಕ್ಕೇ ತಗಲುತ್ತದೆ. ಜಾಗ ಕಡಿಮೆ ಇದ್ದರೆ ಎರಡು ಮೂರು ಬೋಗಿಯ ಲೋಕಲ್ ರೈಲೇ ಚೆನ್ನ.

ಹಂತ 2: ಜಪಾನಿ ಲಿಪಿಯಲ್ಲಿ ಹುಡುಕಿ

ಮ್ಯಾಪಿನಲ್ಲಿ ಇಂಗ್ಲಿಷಿನಲ್ಲಿ ಹುಡುಕಿದರೆ ಪ್ರವಾಸಿಗರ ಅಂಗಡಿಗಳೇ ಮೊದಲು ಬರುತ್ತವೆ. ‘ತೆತ್ಸುದೋ ಮೊಕೆಯ್’ ಅಂದರೆ ಮಾಡೆಲ್ ರೈಲು. ಫೋನಿನ ಅನುವಾದ ಆ್ಯಪಿನಿಂದ ಅದನ್ನು ಜಪಾನಿ ಅಕ್ಷರದಲ್ಲಿ ತೆಗೆದುಕೊಂಡು ಮ್ಯಾಪಿಗೆ ಹಾಕಿ. ಓಣಿಯ ಸಣ್ಣ ಅಂಗಡಿಗಳೂ ಆಗ ಕಾಣುತ್ತವೆ.

ಎಲೆಕ್ಟ್ರಾನಿಕ್ಸ್, ಹಾಬಿ ಅಂಗಡಿಗಳ ಪೇಟೆ ಅಕಿಹಾಬಾರಾ ಎಲ್ಲರಿಗೂ ಗೊತ್ತು. ಸ್ಟೇಷನ್ ಪಕ್ಕದ ಯೊದೊಬಾಶಿ ಕ್ಯಾಮೆರಾ ದೊಡ್ಡ ಅಂಗಡಿ, ಹೊಸ ಮಾಲಿಗೆ ಒಳ್ಳೆಯದು. ತಾಮ್ ತಾಮ್ ಹಾಬಿ ಅಂಗಡಿಗಳ ಸರಣಿ. ಪೊಪೊಂದೆತ್ತಾದಲ್ಲಿ ಹಳೆಯ ಮಾಲು ಚೆನ್ನಾಗಿ ಸಿಗುತ್ತದೆ. ಗಿಂಜಾದ ತೆನ್‌ಶೋದೋ 1879ರಲ್ಲಿ ಶುರುವಾದ ಅಂಗಡಿ. ಗಡಿಯಾರ, ಆಭರಣದ ಜೊತೆಗೆ ಮಾಡೆಲ್ ರೈಲಿಗೂ ಅದಕ್ಕೆ ದೊಡ್ಡ ಹೆಸರಿದೆ.

ಒಂದೇ ಕಡೆ ಹೋಗಲು ಸಮಯ ಇದೆಯಾ? ಹಾಗಾದರೆ ಅಕಿಹಾಬಾರಾ ಬಿಟ್ಟುಬಿಡಿ. ಶಿಂಜುಕು ವಾರ್ಡಿನ ನಿಶಿ ಒಚಿಯಾಯ್‌ನಲ್ಲಿರುವ ಹಾಬಿ ಸೆಂಟರ್ ಕಾತೋಗೆ ಹೋಗಿ. ಓಎದೋ ಲೈನಿನ ಒಚಿಯಾಯ್ ಮಿನಾಮಿ ನಾಗಸಾಕಿ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. 1965ರಲ್ಲಿ ಸಿ50 ಎಂಬ ಉಗಿ ಎಂಜಿನ್ನಿನೊಂದಿಗೆ ಜಪಾನಿನಲ್ಲಿ ಎನ್ ಗೇಜ್ ಶುರು ಮಾಡಿದ ಕಂಪನಿಯ ಸ್ವಂತ ಅಂಗಡಿ ಅದು. ಯಾವ ದಿನ ರಜೆ ಎಂದು ಮಾತ್ರ ಮೊದಲೇ ನೋಡಿಕೊಳ್ಳಿ.

ಟೋಕಿಯೋದಲ್ಲಿ ಇಂಥ ಅಂಗಡಿಗಳು ಎಷ್ಟೋ ಸಲ ಮೇಲಿನ ಮಹಡಿಯಲ್ಲಿರುತ್ತವೆ. ಮ್ಯಾಪಿನ ಗುರುತಿನ ಜಾಗದಲ್ಲಿ ನಿಂತು ‘ಅಂಗಡಿ ಮುಚ್ಚಿದೆ’ ಎಂದು ವಾಪಸ್ ಬಂದವರನ್ನು ನೋಡಿದ್ದೇನೆ. ಲಿಫ್ಟಿನ ಪಕ್ಕದ ಬೋರ್ಡ್ ಓದಿ. ಅವರ ಒಂದನೇ ಮಹಡಿ ಅಂದರೆ ನಮ್ಮ ನೆಲಮಹಡಿ.

ಹಂತ 3: ಬಿಡಿಭಾಗದ ಗೋಡೆ ಎಲ್ಲಿದೆ ನೋಡಿ

ಒಳಗೆ ಕಾಲಿಟ್ಟ ತಕ್ಷಣ ಗಾಜಿನ ಕಪಾಟಿನ ಹೊಳೆಯುವ ಎಂಜಿನ್ನುಗಳ ಕಡೆ ಹೋಗಬೇಡಿ. ಸಣ್ಣ ಸಣ್ಣ ಪ್ಲಾಸ್ಟಿಕ್ ಪೊಟ್ಟಣಗಳನ್ನು ನೇತುಹಾಕಿದ ಗೋಡೆ ಇರುತ್ತದೆ. ಬೋಗಿ ಜೋಡಿಸುವ ಕೊಕ್ಕೆ, ಚಕ್ರಕ್ಕೆ ಹಾಕುವ ರಬ್ಬರ್ ಉಂಗುರ, ಪ್ಯಾಂಟೊಗ್ರಾಫ್, ಬೋಗಿಯೊಳಗಿನ ದೀಪದ ಪಟ್ಟಿ, ಹಳಿ ಕೂಡಿಸುವ ಚಿಕ್ಕ ತಗಡು. ಈ ಗೋಡೆ ತುಂಬಿದ್ದರೆ ಅಂಗಡಿ ಒಳ್ಳೆಯದು. ಅಲ್ಲಿಗೆ ಬರುವವರು ರೈಲು ಓಡಿಸುವವರು, ರಿಪೇರಿ ಮಾಡುವವರು. ಅವರ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಕೊಟ್ಟು ಅಂಗಡಿಯವರಿಗೂ ವಿಷಯ ಗೊತ್ತಿರುತ್ತದೆ. ಬರೀ ಪೆಟ್ಟಿಗೆಗಳೇ ಇದ್ದು ಬಿಡಿಭಾಗ ಇಲ್ಲದಿದ್ದರೆ ಅದು ಆಟಿಕೆ ಅಂಗಡಿ.

ಆಮೇಲೆ ಕೌಂಟರಿನ ಮೇಲೆ ಟೆಸ್ಟ್ ಹಳಿ ಇದೆಯಾ ನೋಡಿ. ‘ತೆಸುತೋ ದೆಕಿಮಸ್ ಕಾ?’ ಎಂದು ಕೇಳಿ. ಓಡಿಸಿ ನೋಡಬಹುದಾ ಎಂದು ಅರ್ಥ. ಹಳೆಯ ಮಾಲನ್ನು ಓಡಿಸಿ ತೋರಿಸಲು ಒಪ್ಪದ ಕಡೆ ನಾನು ಕೊಳ್ಳುವುದಿಲ್ಲ, ಎಷ್ಟೇ ಅಗ್ಗವಾಗಿರಲಿ.

ಹಂತ 4: ಪೆಟ್ಟಿಗೆಯೊಳಗೆ ಮೋಟಾರ್ ಇದೆಯಾ?

ಎಲ್ಲರೂ ಎಡವುವುದು ಇಲ್ಲಿ. ನಿಧಾನವಾಗಿ ಓದಿ.

ಜಪಾನಿನಲ್ಲಿ ಒಂದೇ ರೈಲನ್ನು ಎರಡು ಪೆಟ್ಟಿಗೆ ಮಾಡಿ ಮಾರುತ್ತಾರೆ. ಮೊದಲನೆಯದು ‘ಕಿಹೊನ್’, ಅಂದರೆ ಮೂಲ ಸೆಟ್. ಎರಡನೆಯದು ‘ಜೋಕೆತ್ಸು’, ಅಂದರೆ ಆಮೇಲೆ ಸೇರಿಸಿಕೊಳ್ಳುವ ಬೋಗಿಗಳು. ಮೋಟಾರ್ ಸಾಮಾನ್ಯವಾಗಿ ಕಿಹೊನ್ ಪೆಟ್ಟಿಗೆಯಲ್ಲಿ ಇರುತ್ತದೆ. ಎರಡರ ಹೊದಿಕೆಯೂ ಒಂದೇ ಥರ ಕಾಣುತ್ತದೆ. ಜೋಕೆತ್ಸುಗೆ ಬೆಲೆ ಕಡಿಮೆ ನೋಡಿ ‘ಅಗ್ಗಕ್ಕೆ ಸಿಕ್ಕಿತು’ ಎಂದು ತಂದಿದ್ದೇ ನನ್ನ ಸ್ನೇಹಿತನ ಮೋಟಾರಿಲ್ಲದ ರೈಲು. ಎಂಜಿನ್ ಎಳೆಯುವ ಪ್ಯಾಸೆಂಜರ್ ರೈಲಾದರೆ ಬೋಗಿಗಳದ್ದೇ ಒಂದು ಸೆಟ್, ಎಂಜಿನ್ನಿಗೆ ಬೇರೆ ದುಡ್ಡು. ‘ಮೋತಾ ಅರಿಮಸ್ ಕಾ?’ ಎಂದು ಕೇಳಿ, ಪೆಟ್ಟಿಗೆ ತೆಗೆಸಿ, ಬೋಗಿಗಳನ್ನು ಒಂದೊಂದಾಗಿ ಕೈಯಲ್ಲಿ ತೂಗಿ ನೋಡಿ. ಮೋಟಾರ್ ಇರುವುದು ಭಾರ. ತಳದಲ್ಲಿ ಹಲ್ಲುಚಕ್ರ ಕಾಣುತ್ತದೆ.

ಹಳೆಯ ಮಾಲಿಗೆ ‘ಚೂಕೋ’ ಅನ್ನುತ್ತಾರೆ. ನನಗೆ ಚೂಕೋ ಕಪಾಟುಗಳೇ ಹೆಚ್ಚು ಇಷ್ಟ. ತಯಾರಿಕೆ ನಿಂತ ಮಾಡೆಲ್‌ಗಳು ಸಿಗುವುದು ಅಲ್ಲೇ. ಆದರೆ ಮುಟ್ಟಿ ನೋಡಬೇಕು. ಬೋಗಿ ತಿರುಗಿಸಿ ಚಕ್ರ ನೋಡಿ. ಕಪ್ಪಗಾಗಿದ್ದರೆ ತುಂಬಾ ಓಡಿದೆ, ಆದರೆ ಒರೆಸಿದರೆ ಸರಿಹೋಗುತ್ತದೆ. ರಬ್ಬರ್ ಉಂಗುರ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿದರಾಯಿತು. ಪೆಟ್ಟಿಗೆಯ ಸ್ಪಾಂಜ್ ಬೆರಳಿಗೆ ಅಂಟಿದರೆ ಮಾತ್ರ ಆ ಪೆಟ್ಟಿಗೆ ಕೆಳಗಿಡಿ. ಹಳೆಯ ಸ್ಪಾಂಜ್ ಕರಗಿ ಬೋಗಿಯ ಬಣ್ಣಕ್ಕೆ ಹತ್ತಿಕೊಳ್ಳುತ್ತದೆ. ಎಂಜಿನ್ನಿನ ಲೋಹದ ಭಾಗ ಉಬ್ಬಿದ್ದರೆ, ಪುಡಿಪುಡಿಯಾಗುತ್ತಿದ್ದರೆ, ಅದಕ್ಕೆ ರಿಪೇರಿಯೇ ಇಲ್ಲ. ಮಾಲೀಕರೇ ಅಂಟಿಸಬೇಕಾದ ಆಂಟೆನಾ, ಹಾರ್ನ್, ಅಕ್ಷರದ ಹಾಳೆ ಇರುವ ಸಣ್ಣ ಪೊಟ್ಟಣ ಒಳಗಿದೆಯಾ ಎಂದೂ ನೋಡಿ.

‘ಜಂಕು’ ಎಂದು ಬರೆದ ಡಬ್ಬಿಯಿಂದ ತೆಗೆದದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಬಿಡಿಭಾಗಕ್ಕಾಗಿ ಮಾತ್ರ ಕೈ ಹಾಕಿ.

ನಾನು ಯಾವಾಗಲೂ ಜೊತೆಗಿಟ್ಟುಕೊಳ್ಳುವುದು ಒಂದು 9 ವೋಲ್ಟ್ ಬ್ಯಾಟರಿ, ಎರಡು ವೈರು, ಒಂದು ಗೇಣುದ್ದ ಹಳಿ. ಎನ್ ಗೇಜ್ 12 ವೋಲ್ಟ್ ಡಿಸಿಯಲ್ಲಿ ಓಡುತ್ತದೆ, 9ಕ್ಕೂ ಚೆನ್ನಾಗಿ ತಿರುಗುತ್ತದೆ. ಟೆಸ್ಟ್ ಹಳಿ ಇಲ್ಲದ ಸಣ್ಣ ಅಂಗಡಿಯಲ್ಲಿ ಇದನ್ನು ತೋರಿಸಿ ಕೇಳಿದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಎರಡೂ ದಿಕ್ಕಿಗೆ ಓಡಿಸಿ. ಗುಯ್ ಎಂದು ಒಂದೇ ಸಮ ಸದ್ದು ಬಂದರೆ ಸರಿ, ಕಟಕಟ ಎಂದರೆ ಹಲ್ಲುಚಕ್ರ ಸೀಳಿರಬಹುದು.

ಹಂತ 5: ಹಳಿ, ಕಂಟ್ರೋಲರ್

ಹಳಿಯಲ್ಲಿ ಕಾತೋ ಅಥವಾ ತೋಮಿಕ್ಸ್, ಈ ಎರಡು ಕಂಪನಿಗಳಲ್ಲಿ ಯಾವುದಾದರೂ ಒಂದಕ್ಕೇ ಅಂಟಿಕೊಳ್ಳಿ. ನೇರವಾಗಿ ಒಂದಕ್ಕೊಂದು ಸೇರುವುದಿಲ್ಲ, ಜೋಡಿಸಲು ವಿಶೇಷ ತುಂಡು ಬೇಕು. ನನ್ನ ಮತ ಕಾತೋಗೆ. ಪದೇ ಪದೇ ಬಿಚ್ಚಿ ಜೋಡಿಸುವ ಮನೆಗೆ ಅದೇ ಗಟ್ಟಿ. ಪೆಟ್ಟಿಗೆ ಅಥವಾ ಸೂಚನೆಯ ಹಾಳೆಯಲ್ಲಿ ಎಷ್ಟು ತ್ರಿಜ್ಯದ ತಿರುವು ಬೇಕೆಂದು ಬರೆದಿರುತ್ತದೆ. ಶಿಂಕಾನ್ಸೆನ್ ತರುವವರು 315 ಮಿ.ಮೀ.ಗಿಂತ ಚಿಕ್ಕ ತಿರುವು ಕೊಳ್ಳಬೇಡಿ.

ಜಪಾನಿನ ಮನೆಗಳಲ್ಲಿ ಕರೆಂಟು 100 ವೋಲ್ಟ್, ನಮ್ಮದು 230. ರೈಲಿನ ವೇಗ ಹೆಚ್ಚು ಕಡಿಮೆ ಮಾಡುವ ಕಂಟ್ರೋಲರಿನ ಅಲ್ಲಿನ ಅಡಾಪ್ಟರ್ ಇಲ್ಲಿ ಪ್ಲಗ್ಗಿಗೆ ಹಾಕಿದರೆ ಸುಡುತ್ತದೆ. ‘ಪ್ಲಗ್ ಪಿನ್ ಬದಲಾಯಿಸಿದರೆ ಸಾಕು’ ಎಂದು ಹೇಳುವವರ ಮಾತು ಕೇಳಬೇಡಿ. ಅಡಾಪ್ಟರ್ ಮೇಲೆ 100-240 ಎಂದು ಬರೆದಿದ್ದರೆ ಮಾತ್ರ ತನ್ನಿ.

ಹಂತ 6: ಬಾಡಿಗೆ ಹಳಿಯ ಮೇಲೆ ಓಡಿಸಿ, ಆಮೇಲೆ ಪ್ಯಾಕ್ ಮಾಡಿ

ರೈಲನ್ನು ಟೋಕಿಯೋಗೆ ಹೋದ ಮೊದಲ ಒಂದೆರಡು ದಿನಗಳಲ್ಲೇ ಕೊಳ್ಳಿ, ಹೊರಡುವ ಹಿಂದಿನ ಸಂಜೆ ಬೇಡ. ಕಾರಣ ಇದು. ಕೆಲವು ಅಂಗಡಿಗಳಲ್ಲಿ ‘ರೆಂಟಲ್ ಲೇಔಟ್’ ಇರುತ್ತದೆ. ಊರು, ಸೇತುವೆ, ಸುರಂಗ ಎಲ್ಲ ಇರುವ ದೊಡ್ಡ ಹಳಿ. ಗಂಟೆಗೆ ಇಷ್ಟು ಎಂದು ಕೊಟ್ಟು ನಿಮ್ಮ ರೈಲು ಓಡಿಸಬಹುದು. ಅಂಗಡಿಯಲ್ಲಿ ಎರಡು ನಿಮಿಷ ಚೆನ್ನಾಗಿ ಓಡಿದ ರೈಲು ಇಲ್ಲಿ ಹತ್ತು ನಿಮಿಷಕ್ಕೆ ಬಿಸಿಯಾಗಿ ನಿಲ್ಲಬಹುದು. ಬಿಲ್ ಜೇಬಿನಲ್ಲಿದ್ದರೆ ಅದೇ ದಿನ ಅಂಗಡಿಗೆ ವಾಪಸ್ ಹೋಗಿ ಕೇಳಬಹುದು.

ರೈಲನ್ನು ಕೈಚೀಲದಲ್ಲೇ ಇಡಿ. ಹಳಿ ಸೂಟ್‌ಕೇಸಿಗೆ ಹೋಗಲಿ. ಸ್ಪ್ರೇ ಪೇಂಟ್, ಹಳಿ ಒರೆಸುವ ದ್ರಾವಣ ಕೊಳ್ಳಬೇಡಿ. ಬೆಂಕಿ ಹತ್ತುವ ವಸ್ತು ಎಂದು ಏರ್‌ಪೋರ್ಟಿನಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ.

ನಿಮ್ಮ ಮೇಜು ಎಷ್ಟೇ ಚಿಕ್ಕದಿರಲಿ, ಆ ಬಾಡಿಗೆ ಹಳಿಯ ಮೇಲೆ ಇನ್ನೊಂದು ಅರ್ಧ ಗಂಟೆ ಜಾಸ್ತಿ ತೆಗೆದುಕೊಳ್ಳಿ. ನಿಮ್ಮ ರೈಲು ಅಷ್ಟು ಉದ್ದದ ನೇರ ಹಳಿಯಲ್ಲಿ ಓಡುವುದನ್ನು ನೋಡಲು ಮನೆಯಲ್ಲಿ ಆಗುವುದಿಲ್ಲ ಅಲ್ವಾ.